ಸೊನ್ನೆ ಒತ್ತಿ ಒಳಗೆ ಬನ್ನಿ

ಮನುಷ್ಯರ ದಣಿವನ್ನು ತಕ್ಕಡಿಯಲ್ಲಿಟ್ಟು ತೂಗುವಂತಾದರೆ ಏನಾದೀತು? ಒಳ್ಳೆಯದೇ ಆದೀತು ಎಂದು ಸಿಂಚನಾ ನಂಬಿದ್ದಳು. ನಂಬಿದ್ದರಲ್ಲಿ ತಪ್ಪೇನಿತ್ತು ಹೇಳಿ? ಜ್ವರಕ್ಕೆ ಥರ್ಮಾಮೀಟರ್ ಇದೆ. ಹಾಲಿಗೆ ನೀರು ಬೆರೆಸಿದರೆ ಹಿಡಿಯಲು ಡೇರಿಯಲ್ಲಿ ಯಂತ್ರವಿದೆ. ಆದರೆ "ಕೈಲಾಗ್ತಿಲ್ಲ ಸಾರ್, ಒಸಿ ಕೂತ್ಕತೀನಿ" ಎಂದವಳ ಮಾತಿಗೆ ಮಾತ್ರ ಈ ಭೂಮಿಯ ಮೇಲೆ ಯಾವ ಸಾಕ್ಷಿಯೂ ಇರಲಿಲ್ಲ. ಬಾಯಿಬಿಟ್ಟು ಹೇಳಿದವಳು ಮೈಗಳ್ಳಿ, ಹಲ್ಲು ಕಚ್ಚಿಕೊಂಡು ದುಡಿದವಳು ಗಟ್ಟಿಗಿತ್ತಿ. ಇಷ್ಟೇ ನಮ್ಮ ನ್ಯಾಯ.

ಆ ಸಾಕ್ಷಿಯನ್ನು ತಯಾರಿಸುವ ಕೆಲಸಕ್ಕೇ ಪರಿಮಾಣ ಭವನವೆಂಬ ಸಂಶೋಧನಾ ಸಂಸ್ಥೆಯವರು ಜಾಹೀರಾತು ಕೊಟ್ಟಿದ್ದರು. "ಅಳತೆ ವಿಜ್ಞಾನ ಮತ್ತು ಸುಧಾರಿತ ವಸ್ತುಗಳ ಕ್ಷೇತ್ರದಲ್ಲಿ ಪಿಎಚ್‌ಡಿ ನಂತರದ ಸಂಶೋಧನೆಗೆ ಅಪೂರ್ವ ಅವಕಾಶ. ಅವಧಿ ಎರಡು ವರ್ಷ. ನಿರ್ದೇಶಕರಿಗೆ ತೃಪ್ತಿಯಾದಲ್ಲಿ ಇನ್ನೂ ಮೂರು ವರ್ಷ." ಅವಕಾಶವಂತೆ ಅವಕಾಶ! ಹತ್ತು ವರ್ಷ ಕಣ್ಣು ಕೆಡಿಸಿಕೊಂಡು ಓದಿ ಡಾಕ್ಟರ್ ಎನಿಸಿಕೊಂಡವರನ್ನು ಎರಡು ವರ್ಷಕ್ಕೆ ಹಿಡಿದು, ಮೂರನೆಯ ವರ್ಷಕ್ಕೆ ಒಬ್ಬರ ತೃಪ್ತಿಗಾಗಿ ಕಾಯಿಸುವುದಕ್ಕೆ ಈ ದೇಶದಲ್ಲಿ ಆ ಹೆಸರು. ಆದರೂ ಸಿಂಚನಾಗೆ ಅರ್ಜಿ ಹಾಕದೆ ಗತಿಯಿರಲಿಲ್ಲ. ಮಂಡ್ಯದಾಚೆ ಹೆದ್ದಾರಿ ಪಕ್ಕದಲ್ಲೇ ಸಂಸ್ಥೆ, ಅಣ್ಣನ ಮನೆ ಕಾಳೇಗೌಡನದೊಡ್ಡಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಅತ್ತಿಗೆ ರೂಪಕಲಾ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ಅವಳು ಕೆಲಸಕ್ಕೆ ಸೇರಿದಳು.

ಒಂದೂವರೆ ವರ್ಷದಲ್ಲಿ ಅವಳು ತಯಾರಿಸಿದ್ದು ಎರಡು ಬೆರಳಗಲದ ಒಂದು ಪಟ್ಟಿ. ಮುಂಗೈಯ ಒಳಭಾಗಕ್ಕೆ ಅಂಟಿಸಿದರೆ ತಿಂಗಳುಗಟ್ಟಲೆ ಬೀಳುವುದಿಲ್ಲ. ಮೈ ದಣಿದಾಗ ಸ್ನಾಯುವಿನಲ್ಲಿ ಕಣ್ಣಿಗೆ ಕಾಣದ ನಡುಕ ಹುಟ್ಟುತ್ತದೆ, ಬೆವರಿನ ಗುಣವೂ ಬದಲಾಗುತ್ತದೆ. ಎರಡೂ ತಾಗಿದ ಹಾಗೆಲ್ಲ ಪಟ್ಟಿಯೊಳಗಿನ ಸೂಕ್ಷ್ಮ ಎಳೆಗಳು ಒಂದೊಂದಾಗಿ ಮಡಚಿಕೊಳ್ಳುತ್ತವೆ. ಆ ಮೈ ಚೆನ್ನಾಗಿ ನಿದ್ದೆ ಮಾಡಿದರಷ್ಟೇ ಮತ್ತೆ ಬಿಚ್ಚಿಕೊಳ್ಳುತ್ತವೆ. ಎಳೆ ಮಡಚಿದಂತೆ ಪಟ್ಟಿಯ ಬಣ್ಣ ಏರುತ್ತದೆ: ಮೊದಲು ಕೆನೆ, ಆಮೇಲೆ ಅರಿಶಿನ, ಕೊನೆಗೆ ಅರಿಶಿನಕ್ಕೆ ಸುಣ್ಣ ಕಲಸಿದ ಹಾಗೆ ಕೆಂಪು. ಸೊನ್ನೆಯಿಂದ ನೂರರವರೆಗೆ ಅಂಕ. ಅರವತ್ತು ಮುಟ್ಟಿದವರಿಗೆ ಇಪ್ಪತ್ತು ನಿಮಿಷ ವಿಶ್ರಾಂತಿ ಕೊಡಲೇಬೇಕು, ಎಂಬತ್ತು ದಾಟಿದವರನ್ನು ಯಂತ್ರದ ಮುಂದೆ ಕೂರಿಸಲೇಬಾರದು ಎಂದು ನಿಯಮದ ಕರಡು ಸಿದ್ಧವಾಗಿತ್ತು.

ಬಣ್ಣ ಕಂಡರೆ ಕೆಲಸಗಾರರು ಗಾಬರಿ ಬೀಳುತ್ತಾರೆಂದು ನಿರ್ದೇಶಕ ಡಾ. ವಿಶ್ವಜಿತ್ ಪಟ್ಟಿಯ ಮೇಲೊಂದು ಕಪ್ಪು ಪೊರೆ ಹಾಕಿಸಿದರು. ಅಂಕ ಕಾಣುವುದು ಗೇಟಿನ ಯಂತ್ರದಲ್ಲಿ, ಇಲ್ಲವೇ ಸೂಪರ್‌ವೈಸರ್ ಕೈಯ ಉಪಕರಣದಲ್ಲಿ. ಪ್ರಯೋಗಕ್ಕೆ ಆರಿಸಿದ್ದು ಅದೇ ಹೆದ್ದಾರಿಯ ಒಂದು ಗಾರ್ಮೆಂಟ್ಸನ್ನು. ಅತ್ತಿಗೆ ಅಲ್ಲಿ ಹೊಲಿಗೆ ಯಂತ್ರದ ಮುಂದೆ, ಅಣ್ಣ ಲೋಕೇಶ ಅಲ್ಲಿಯ ವ್ಯಾನ್ ಡ್ರೈವರ್. ಮುನ್ನೂರು ಹೆಂಗಸರ ಜೊತೆ ಅವನ ತೋಳಿಗೂ ಪಟ್ಟಿ ಬಂತು. ಗೇಟಿನಲ್ಲಿ ಒಂದು ಫಲಕ ತೂಗುಹಾಕಿದರು: "ಸೊನ್ನೆ ಒತ್ತಿ ಒಳಗೆ ಬನ್ನಿ."

"ನಮ್ಮ ನಾದಿನಿ ಮಾಡಿರೋ ಪಟ್ಟಿ ಕಣ್ರೇ" ಎಂದು ಅತ್ತಿಗೆ ವ್ಯಾನಿನಲ್ಲಿ ಎಲ್ಲರಿಗೂ ತೋಳು ತೋರಿಸಿಕೊಂಡು ಬಂದಿದ್ದಳು. "ಇನ್ಮೇಲೆ ಆ ಸೂಪರ್‌ವೈಸರ್ ನಾಟಕ ಅಂದ್ರೆ, ಮಿಷನ್ ಮೂತಿಗೆ ಹಿಡೀರಿ."

* * *

ಅತ್ತಿಗೆಯ ಬೆಳಗು ಹೇಗಿರುತ್ತಿತ್ತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಯಾವ ವರದಿಯಲ್ಲೂ ಅದು ಬರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಕೊಟ್ಟಿಗೆಯ ಸಗಣಿ ಬಾಚಬೇಕು. ಎರಡು ಸೀಮೆಹಸುಗಳ ಹಾಲು ಕರೆಯಬೇಕು. ಹದಿನೆಂಟು ಲೀಟರಿನ ಕ್ಯಾನು ಸೊಂಟಕ್ಕಿಟ್ಟುಕೊಂಡು ಡೇರಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ವಾಪಸು ಬಂದು ಬೀದಿ ಕೊನೆಯ ತೊಂಬೆಯಿಂದ ನೀರು ಹೊರಬೇಕು. ಐದು ಜನಕ್ಕೆ ಮುದ್ದೆ ತೊಳಸಿ, ಸಾರು ಮಾಡಿ, ಇಬ್ಬರು ಹೆಣ್ಣುಮಕ್ಕಳಿಗೆ ಜಡೆ ಹಾಕಿ, ಐದು ಡಬ್ಬಿ ತುಂಬಿ ಮುಚ್ಚಳ ಒತ್ತಬೇಕು. ಏಳೂವರೆಗೆ ವ್ಯಾನಿನ ಹಾರನ್ನು. ಹಾರನ್ನು ಹೊಡೆಯುವವನು ಅವಳ ಗಂಡನೇ. ಏಳಕ್ಕೆ ಎದ್ದು, ಕಾದ ನೀರಿನಲ್ಲಿ ಮಿಂದು, ತಟ್ಟೆಗೆ ಬಂದ ಮುದ್ದೆ ನುಂಗಿ, ವ್ಯಾನಿನಲ್ಲಿ ಕೂತು "ಬಾರೇ, ಹೊತ್ತಾಯ್ತು" ಎಂದು ಕೂಗುವವನು.

ಆ ಹೊತ್ತಿನಲ್ಲಿ ಸಿಂಚನಾ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ದಣಿವಿನ ಗಣಿತ ಬಿಡಿಸುತ್ತಿದ್ದಳು. ಕಾಫಿ ತಾನಾಗಿ ಪಕ್ಕಕ್ಕೆ ಬರುತ್ತಿತ್ತು. ಒಮ್ಮೊಮ್ಮೆ ಅವಳು ಪರದೆಯಿಂದ ಕಣ್ಣೆತ್ತಿ ನೋಡುತ್ತಲೂ ಇರಲಿಲ್ಲ.

* * *

ಆ ಸೋಮವಾರ ಹನ್ನೊಂದು ಗಂಟೆಗೆ ಸಂಸ್ಥೆಗೆ ಅಣ್ಣನ ಫೋನು ಬಂತು. ಅತ್ತಿಗೆಯ ತೋರುಬೆರಳಿಗೆ ಹೊಲಿಗೆ ಯಂತ್ರದ ಸೂಜಿ ಹೊಕ್ಕಿತ್ತು. ಉಗುರು ಸೀಳಿಕೊಂಡು ಆಚೆ ಬದಿಗೆ ಬಂದಿತ್ತು.

ಸಿಂಚನಾ ಮನೆಗೆ ಓಡಿಬಂದಾಗ ಅತ್ತಿಗೆ ಕೈಗೆ ಬಟ್ಟೆ ಸುತ್ತಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ನೋವಿಗಿಂತ ಸಿಟ್ಟು ಜಾಸ್ತಿಯಿತ್ತು ಮುಖದಲ್ಲಿ.

"ತುಂಬಾ ನೋವಾ ಅತ್ಗೆ?"

"ಬೆರಳು ಬುಡು, ವಾಸಿಯಾಯ್ತದೆ. ಹತ್ತು ಗಂಟೆಗೇ ಹೇಳ್ದೆ ಕಣೆ ಆ ಸೂಪರ್‌ವೈಸರ್‌ಗೆ. ಸಾರ್, ಕೈ ನಡುಗ್ತಾ ಅದೆ, ಒಂದ್ ಹತ್ತು ನಿಮಿಷ ಕೂತ್ಕತೀನಿ ಅಂದೆ. ಆ ಡಬ್ಬ ತಂದು ತೋಳಿಗೆ ಹಿಡ್ದ. ಮೂವತ್ತೆಂಟು ಅಂತು. ಮೂವತ್ತೆಂಟಕ್ಕೆಲ್ಲ ನಾಟಕ ಆಡ್ಬೇಡಿ ರೂಪಕಲಾ, ಮಿಷನ್ ಸುಳ್ಳು ಹೇಳುತ್ತಾ, ನಿಮ್ಮನೆ ಹುಡುಗೀನೇ ಅಲ್ವಾ ಮಾಡಿರೋದು ಅಂದ. ಸುತ್ತ ಎಲ್ಲ ನಕ್ಕರು. ತಲೆ ತಗ್ಗಿಸ್ಕಂಡು ಹೊಲಿಯಕ್ಕೆ ಕೂತೆ. ಸೂಜಿ ಹೋಯ್ತು."

ಅಷ್ಟಕ್ಕೇ ಮುಗಿದಿರಲಿಲ್ಲ. ಗಾಯದ ಮೇಲೆ ಬರೆ ಎಂಬಂತೆ ಕಂಪನಿಯವರು ಕೈಗೊಂದು ಕಾಗದವನ್ನೂ ಕೊಟ್ಟಿದ್ದರು. ದಣಿವಿಲ್ಲದಿದ್ದರೂ ದಣಿವೆಂದು ಸುಳ್ಳು ಹೇಳಿ, ಅಜಾಗರೂಕತೆಯಿಂದ ಗಾಯ ಮಾಡಿಕೊಂಡು, ಕೆಲಸಕ್ಕೆ ಅಡ್ಡಿಪಡಿಸಿದ್ದಾಳೆಂದು ಆರೋಪ. ಶುಕ್ರವಾರ ಮಧ್ಯಾಹ್ನ ವಿಚಾರಣೆ. ತಪ್ಪು ರುಜುವಾತಾದರೆ ಕೆಲಸದಿಂದ ತೆಗೆಯಲಾಗುವುದು.

"ಹನ್ನೊಂದು ವರ್ಷ ಆಯ್ತು ಆ ಮಿಷನ್ ಮುಂದೆ ಕೂತು" ಎಂದಳು ಅತ್ತಿಗೆ. "ಮೈಗಳ್ಳಿ ಅಂದವ್ರೆ, ತಡ್ಕಂಡಿದೀನಿ. ಸುಳ್ಳುಗಾತಿ ಅಂತ ಕಾಗದದಲ್ಲಿ ಬರ್ದುಕೊಟ್ಟಿರ್ಲಿಲ್ಲ. ಅದನ್ನ ನಿನ್ ಪಟ್ಟಿ ಮಾಡ್ತು ನೋಡು."

ಕಾರ್ಖಾನೆಯ ಆಸ್ಪತ್ರೆ ಕೋಣೆಯಲ್ಲಿ ಸಿಟ್ಟಿಗೆ ತೋಳಿನಿಂದ ಕಿತ್ತು, ಊಟದ ಡಬ್ಬಿಯ ಮುಚ್ಚಳದೊಳಗೆ ಹಾಕಿಕೊಂಡು ಬಂದಿದ್ದ ಪಟ್ಟಿಯನ್ನು ಅವಳು ನಾದಿನಿಯ ಮುಂದೆ ಎಸೆದಳು. ಸಿಂಚನಾ ಅದನ್ನು ಎತ್ತಿಕೊಂಡಳು. ಅವಳ ಕಿವಿ ಬಿಸಿಯಾಗಿತ್ತು.

* * *

ಮಾರನೆಯ ದಿನ ಪ್ರಯೋಗಾಲಯದಲ್ಲಿ ಅವಳ ಜೊತೆಗಿದ್ದವನು ಇಮ್ತಿಯಾಜ್ ಮುಲ್ಲಾ. ಗದಗ ಕಡೆಯವನು, ಅವಳ ಹಾಗೆಯೇ ಎರಡು ವರ್ಷದ ಅವಕಾಶಕ್ಕೆ ಬಂದವನು. ಗೇಟಿನ ಯಂತ್ರದ ಲೆಕ್ಕಾಚಾರವೆಲ್ಲ ಅವನ ಕೈಕೆಲಸ.

ಪಟ್ಟಿಯನ್ನು ಮೈಯಿಂದ ಕಿತ್ತರೆ ಎಳೆಗಳು ಆ ಗಳಿಗೆಯಲ್ಲಿ ಹೇಗಿದ್ದವೋ ಹಾಗೇ ನಿಂತುಬಿಡುತ್ತವೆ. ಸಿಂಚನಾ ಬೆಚ್ಚಗಿನ ಕೊಬ್ಬರಿ ಎಣ್ಣೆ ಸವರಿ ಕಪ್ಪು ಪೊರೆಯನ್ನು ಸುಲಿದಳು. ಪೊರೆಯ ಅಂಟು ಎಣ್ಣೆಗೆ ಬಿಡುತ್ತದೆಂಬುದು ಅವಳಿಗೆ ಗೊತ್ತಿತ್ತು. ಕೆಳಗಿನ ಪಟ್ಟಿ ಓಕುಳಿಯ ಕೆಂಪಾಗಿತ್ತು. ಪ್ರಯೋಗಾಲಯದ ದೊಡ್ಡ ಅಳತೆ ಯಂತ್ರದ ಕೆಳಗಿಟ್ಟರೆ ತೊಂಬತ್ತಮೂರು ಎಂದು ತೋರಿಸಿತು.

"ತೊಂಬತ್ತಮೂರು!" ಎಂದಳು ಸಿಂಚನಾ. "ಇಮ್ತಿಯಾಜ್, ನಿಮ್ಮ ಯಂತ್ರ ಕೆಟ್ಟಿದೆ. ಮೂವತ್ತೆಂಟು ಅಂದಿದೆ ಅದು."

ಇಮ್ತಿಯಾಜ್ ಆ ದಿನದ ದಾಖಲೆ ತೆಗೆದು ಬೆರಳಿಟ್ಟು ನೋಡಿದ.

"ಯಂತ್ರ ಕೆಟ್ಟಿಲ್ರೀ. ಲೆಕ್ಕ ಬರೋಬ್ಬರಿ ಐತಿ. ಮುಂಜಾನೆ ಗೇಟಿನ್ಯಾಗ ಸೊನ್ನಿ ಒತ್ತಿದಾಗ ಪಟ್ಟಿ ಆಗಲೇ ಐವತ್ತೈದು ಇತ್ತ. ಯಂತ್ರ ಅದನ್ನ ಕಳದ ಬಿಟ್ಟೈತಿ. ತೊಂಬತ್ತಮೂರರಾಗ ಐವತ್ತೈದು ಹೋದ್ರ ಮೂವತ್ತೆಂಟು. ವಿಧಾನ ಹಂಗ ಬರದೈತಲ್ರೀ."

"ಯಾರ್ ಬರೆದಿದ್ದು ಆ ವಿಧಾನ?" ಎಂದು ಕೇಳಿಯೇಬಿಟ್ಟಳು ಸಿಂಚನಾ. ಕೇಳಿದ ಮರುಕ್ಷಣವೇ ಅವಳಿಗೆ ಉತ್ತರ ಹೊಳೆಯಿತು.

ಬರೆದವಳು ಅವಳೇ. ಪಟ್ಟಿಗೆ ಅಂಕ ಕೂರಿಸುವಾಗ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ಲಿನಿಂದ ನಲವತ್ತು ಹುಡುಗರನ್ನು ಕರೆಸಿದ್ದರು. ಎಂಟು ಗಂಟೆಯವರೆಗೆ ಮಲಗಿ, ಎದ್ದು, ಕ್ಯಾಂಟೀನಿನ ಇಡ್ಲಿ ತಿಂದು ಬಂದ ಹುಡುಗರು. ಅವರ ಬೆಳಗಿನ ಅಂಕ ಎರಡೋ ಮೂರೋ, ಹೆಚ್ಚೆಂದರೆ ಐದು. ಆ ಚಿಲ್ಲರೆ ವ್ಯತ್ಯಾಸ ತೊಂದರೆ ಕೊಡಬಾರದೆಂದು ಸಿಂಚನಾ ಒಂದು ಸಾಲು ಸೇರಿಸಿದ್ದಳು: "ಪಾಳಿಯ ಆರಂಭದ ಅಂಕವನ್ನು ಸೊನ್ನೆ ಎಂದು ಪರಿಗಣಿಸತಕ್ಕದ್ದು." ಬೆಳಗಾದರೆ ಎಲ್ಲರೂ ಸೊನ್ನೆಯಿಂದಲೇ ಶುರುಮಾಡುತ್ತಾರೆ ಎಂದುಕೊಂಡಿದ್ದಳು ಪುಣ್ಯಾತ್ಗಿತ್ತಿ. ಕಾಫಿ ಲೋಟ ಪಕ್ಕಕ್ಕೆ ತಂದಿಡುತ್ತಿದ್ದ ಕೈಯನ್ನು ದಿನಾ ಕಂಡೂ ಹಾಗೆಂದುಕೊಂಡಿದ್ದಳು.

ಇಡೀ ಕಾರ್ಖಾನೆಯ ಎರಡು ತಿಂಗಳ ಬೆಳಗಿನ ಅಂಕಗಳನ್ನು ತೆಗೆದು ನೋಡಿದರು. ಹೆಂಗಸರ ಸರಾಸರಿ ಐವತ್ತೊಂದು. ಕೆಲಸ ಶುರುವಾಗುವ ಮೊದಲೇ ಅರ್ಧ ಜೀವ ಖರ್ಚಾಗಿತ್ತು, ಯಂತ್ರ ದಿನಾ ಬೆಳಗ್ಗೆ ಅದನ್ನು ಒರೆಸಿ ಹಾಕುತ್ತಿತ್ತು. ಅದಕ್ಕಿಂತ ಮೈ ಉರಿಸಿದ್ದು ಇನ್ನೊಂದು. ಆ ಅಂಕಗಳನ್ನು ಯಾರೋ ಆಗಲೇ ತೆಗೆದು ನೋಡಿ, ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಿ ಮುಚ್ಚಿಟ್ಟಿದ್ದರು: "ಹಿನ್ನೆಲೆ ಗದ್ದಲ. ಗಮನಿಸಬೇಕಾಗಿಲ್ಲ." ಕೆಳಗೆ ನಿರ್ದೇಶಕರ ಚಿಕ್ಕ ಸಹಿ, ಆರು ವಾರ ಹಿಂದಿನ ತಾರೀಖು.

"ಗದ್ದಲ ಅಂತ" ಎಂದ ಇಮ್ತಿಯಾಜ್. "ನಮ್ಮವ್ವ ದಿನಾ ಮುಂಜಾನೆ ನಲವತ್ತು ರೊಟ್ಟಿ ಬಡೀತಿದ್ಲರೀ. ಅದೂ ಗದ್ದಲನ ಆಗಿರ್ಬೇಕು."

* * *

ಸಂಜೆ ಮನೆಯಲ್ಲಿ ಸಿಂಚನಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಸೊನ್ನೆ ಎಂದರೇನು, ಕಳೆಯುವುದು ಹೇಗೆ ಎಂದು ಕಾಗದದ ಮೇಲೆ ಗೀಟು ಎಳೆದು ತೋರಿಸಿದಳು. ಅತ್ತಿಗೆ ಒಂದೇ ಕೈಯಲ್ಲಿ ಅವರೆಕಾಯಿ ಸುಲಿಯುತ್ತ ಕೇಳಿದಳು. ಗೀಟನ್ನು ನೋಡಲೂ ಇಲ್ಲ.

"ಅಂದ್ರೆ ಧಡೆ ಕಟ್ಟಿದೀಯ ಅನ್ನು."

"ಏನು?"

"ನಮ್ಮಪ್ಪನ ಎಣ್ಣೆ ಅಂಗಡೀಲಿ ನೋಡಿಲ್ವ ನೀನು? ಗಿರಾಕಿ ತಂದ ಬಾಟ್ಲಿ ಒಂದು ತಟ್ಟೇಲಿ ಇಡೋರು, ಇನ್ನೊಂದು ತಟ್ಟೆಗೆ ಕಲ್ಲು ಹಾಕಿ ಸಮ ಮಾಡೋರು. ಆಮೇಲೆ ಎಣ್ಣೆ ಹುಯ್ಯೋರು. ಬಾಟ್ಲಿ ಭಾರ ಲೆಕ್ಕಕ್ಕೆ ಬರ್ಬಾರ್ದು ಅಂತವ ಧಡೆ ಕಟ್ಟೋದು. ಬರೀ ಬಾಟ್ಲಿಗೆ ಕಟ್ಟಿದ್ರೆ ನ್ಯಾಯ. ಅರ್ಧ ತುಂಬಿರೋ ಬಾಟ್ಲಿಗೆ ಕಟ್ಟಿದ್ರೆ?" ಅವಳು ಅವರೆಕಾಯಿ ಕೆಳಗಿಟ್ಟಳು. "ನಾನು ಕರೆದ ಹಾಲು, ಹೊತ್ತ ನೀರು, ತೊಳಸಿದ ಮುದ್ದೆ, ಎಲ್ಲಾನೂ ಬಾಟ್ಲಿ ಲೆಕ್ಕಕ್ಕೆ ಸೇರ್ಸಿ ಧಡೆ ಕಟ್ಬುಟ್ಟೆ ನೀನು. ನಿನ್ ಡಬ್ಬೀನೂವೆ!"

ಸಿಂಚನಾಳ ಹತ್ತು ವರ್ಷದ ಓದಿಗೆ ಹೊಳೆಯದ್ದನ್ನು ಎಣ್ಣೆ ಅಂಗಡಿಯವನ ಮಗಳು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ್ದಳು. ಸಿಂಚನಾಗೆ ಅಳು ಬಂತು. ನಾಚಿಕೆಯಿಂದ ಬಂದ ಅಳು, ಅತ್ತಿಗೆಗೂ ಅದು ಗೊತ್ತಾಯಿತು.

"ಅಳ್ಬೇಡ ಸುಮ್ಕಿರು" ಎಂದಳು ರೂಪಕಲಾ. ದನಿ ಮೆತ್ತಗಾಗಿರಲಿಲ್ಲ. "ಅತ್ತರೆ ಯಾವ ಯಂತ್ರಾನೂ ತಿದ್ಕಳಲ್ಲ. ಕಟ್ಟಿದೋಳು ನೀನು, ಬಿಚ್ಚೋಳೂ ನೀನೇ."

* * *

ಗುರುವಾರ ಬೆಳಗ್ಗೆ ಸಿಂಚನಾ ನಿರ್ದೇಶಕರ ಕೋಣೆಗೆ ಹೋದಳು. ಡಾ. ವಿಶ್ವಜಿತ್ ಕೂಗಾಡುವ ಮನುಷ್ಯರಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು. ಶುಕ್ರವಾರ ಕಾರ್ಖಾನೆಯ ಗೇಟಿನಲ್ಲೇ ಸಮಾರಂಭವಿತ್ತು. ಪಟ್ಟಿಯ ಪ್ರಮಾಣಪತ್ರಕ್ಕೆ ತಯಾರಿಸಿದವರ ಸಹಿ ಬಿದ್ದರೆ, ಅದೇ ವಿಧಾನ ಇಡೀ ದೇಶದ ಕಾರ್ಖಾನೆಗಳಿಗೆ ಕಾನೂನಾಗುತ್ತಿತ್ತು. ಸಹಿ ಮಾಡಬೇಕಾದವಳು ಸಿಂಚನಾ.

"ಕೂತ್ಕೊಳ್ಳಿ. ಇಮ್ತಿಯಾಜ್ ಹೇಳಿದ್ರು. ನೋಡಿ ಸಿಂಚನಾ, ಕಾರ್ಖಾನೆ ತನ್ನ ಗೇಟಿನ ಒಳಗಿನ ದಣಿವಿಗೆ ಮಾತ್ರ ಜವಾಬ್ದಾರಿ. ಮನೇಲಿ ಯಾರು ಏನು ಮಾಡ್ತಾರೆ ಅನ್ನೋದು ನಮ್ಮ ವ್ಯಾಪ್ತಿಗೆ ಬರಲ್ಲ."

"ಸರ್, ಸೇತುವೆ ಮೇಲೆ ಮೊದಲೇ ಎರಡು ಲಾರಿ ನಿಂತಿದ್ರೆ ಮೂರನೇದನ್ನ ಬಿಡೋವಾಗ ಆ ಎರಡರ ಭಾರ ಎಣಿಸಲ್ವಾ? ಅವು ಬೇರೆ ಊರಿಂದ ಬಂದಿದ್ದು, ನಮಗೆ ಸಂಬಂಧ ಇಲ್ಲ ಅಂತೀವಾ? ಕೈ ನಡುಗೋದು ಒಟ್ಟು ದಣಿವಿಗೆ. ಸೂಜಿಗೆ ಗೇಟಿನ ಒಳಗಿಂದು, ಹೊರಗಿಂದು ಅಂತ ಗೊತ್ತಾಗಲ್ಲ ಸರ್."

"ಸರಿ. ನಿಮ್ಮ ಮಾತಿನಂತೆ ಸೊನ್ನೆ ತೆಗೆದ್ವಿ ಅಂತಿಟ್ಕೊಳ್ಳಿ. ಹತ್ತು ಗಂಟೆಗೆ ಅರ್ಧ ಕಾರ್ಖಾನೆ ಎದ್ದು ಹೊರಗೆ ಕೂರುತ್ತೆ. ಯಾವ ಕಾರ್ಖಾನೆ ಈ ಪಟ್ಟಿ ಹಾಕಿಸುತ್ತೆ? ಪಟ್ಟಿಯೇ ಇಲ್ಲದೆ ಹೋಗೋದಕ್ಕಿಂತ ಸ್ವಲ್ಪ ಕಡಿಮೆ ತೋರಿಸೋ ಪಟ್ಟಿ ವಾಸಿ ಅಲ್ವಾ?"

"ಪಟ್ಟಿ ಇಲ್ಲದಿದ್ದಾಗ ನಮ್ಮತ್ತಿಗೇನ ಮೈಗಳ್ಳಿ ಅಂತಿದ್ರು ಸರ್. ಈಗ ಸುಳ್ಳುಗಾತಿ ಅಂತಿದಾರೆ, ಅದೂ ವಿಜ್ಞಾನದ ಹೆಸರಲ್ಲಿ. ಇದು ವಾಸಿ ಹೇಗೆ? ಆರು ವಾರದಿಂದ ನಿಮಗೆ ಗೊತ್ತಿತ್ತು. ಗದ್ದಲ ಅಂತ ಬರೆದಿದ್ದೀರಿ."

ಅವರ ಮುಖದ ಬಣ್ಣ ಸ್ವಲ್ಪ ಬದಲಾಯಿತು. "ಸೊನ್ನೆಯ ಸಾಲು ಬರೆದದ್ದು ಯಾರು?"

"ನಾನೇ. ಅದಕ್ಕೇ ತಿದ್ದೋಕೆ ಬಂದಿದ್ದೀನಿ."

"ತಿದ್ದೋಕೆ ಇನ್ನೂ ಮೂರು ವರ್ಷ ಅವಕಾಶ ಇದೆ ನಿಮಗೆ" ಎಂದರು ಡಾ. ವಿಶ್ವಜಿತ್ ನಗುತ್ತ. "ನಾಳೆ ಸಹಿ ಮಾಡಿ. ಮುಂದುವರಿಕೆಯ ಆದೇಶ ಸೋಮವಾರ ನಿಮ್ಮ ಕೈಲಿರುತ್ತೆ. ಆಮೇಲೆ ನಿಧಾನವಾಗಿ ತಿದ್ದೋಣ."

ನಿಧಾನವಾಗಿ! ಸಿಂಚನಾ ಸಿಟ್ಟಿನಿಂದಲೇ ಹೊರಗೆ ಬಂದಳು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಈ ದೊಡ್ಡ ಮನುಷ್ಯರಿಗೆ, ಮುರಿಯುತ್ತಿರುವುದು ಹೆಂಗಸರ ಬೆರಳು ಎಂದು ಕಾಣುವುದೇ ಇಲ್ಲವಲ್ಲ. ಮಧ್ಯಾಹ್ನ ಡಬ್ಬಿ ತೆರೆದಳು. ಗಾಯದ ಕೈಯಲ್ಲೇ ಅತ್ತಿಗೆ ತುಂಬಿಕೊಟ್ಟಿದ್ದ ಮುದ್ದೆ, ಅವರೆಕಾಳು ಸಾರು. ಅವಳು ಹಾಗೇ ಮುಚ್ಚಳ ಮುಚ್ಚಿದಳು.

ಸಂಜೆ ಅತ್ತಿಗೆಯ ತೋಳಿಗೆ ಹೊಸ ಪಟ್ಟಿ ಅಂಟಿಸುತ್ತ ಅವಳು ಹೇಳಿದ್ದು ಒಂದೇ ಮಾತು. "ಅತ್ಗೆ, ಈ ಕಪ್ಪು ಪೊರೆ ಬಿಸಿ ಕೊಬ್ಬರಿ ಎಣ್ಣೆಗೆ ಬಿಟ್ಕೊಂಡು ಬರುತ್ತೆ."

ಅತ್ತಿಗೆ ಅವಳ ಮುಖ ನೋಡಿದಳು. "ಎಷ್ಟು ಎಣ್ಣೆ ಬೇಕಾಯ್ತದೆ?"

"ಒಂದು ತೋಳಿಗೆ ನಾಲ್ಕು ತೊಟ್ಟು."

* * *

ಶುಕ್ರವಾರ ಎಂಟು ಗಂಟೆಗೇ ಗೇಟಿನ ಮುಂದೆ ಶಾಮಿಯಾನ ಎದ್ದಿತ್ತು. ದಿಲ್ಲಿಯಿಂದ ಇಬ್ಬರು ಅಧಿಕಾರಿಗಳು, ಕಾರ್ಖಾನೆಯ ಮ್ಯಾನೇಜರು, ಮೇಜಿನ ಮೇಲೆ ಹೂವಿನ ಬುಟ್ಟಿ, ಪಕ್ಕದಲ್ಲಿ ಪ್ರಮಾಣಪತ್ರ, ಅದರ ಮೇಲೊಂದು ಹೊಸ ಪೆನ್ನು. ಡಾ. ವಿಶ್ವಜಿತ್ ಮೈಕಿನಲ್ಲಿ ಮಾತಾಡುತ್ತಿದ್ದರು. ದಣಿವಿಗೆ ಅಳತೆಗೋಲು ಕೊಟ್ಟ ದೇಶಗಳಲ್ಲಿ ನಮ್ಮದೂ ಒಂದು, ಇಂಥ ಯುವ ಸಂಶೋಧಕರಿಗೆ ಅವಕಾಶ ಕೊಟ್ಟದ್ದು ನಮ್ಮ ಹೆಮ್ಮೆ, ಇತ್ಯಾದಿ.

ಎಂಟೂಕಾಲಿಗೆ ವ್ಯಾನುಗಳು ಬಂದವು. ಮೊದಲನೆಯ ವ್ಯಾನಿನ ಬಾಗಿಲು ತೆರೆಯುತ್ತಲೇ ಕೊಬ್ಬರಿ ಎಣ್ಣೆಯ ವಾಸನೆ ಶಾಮಿಯಾನದ ಒಳಗೂ ಬಂತು. ಬಾಟಲಿ ಸೀಟಿನಿಂದ ಸೀಟಿಗೆ, ಮನೆಯಿಂದ ತಂದ ಇನ್ನೊಂದು ಬಾಟಲಿ ಇನ್ನೊಂದು ವ್ಯಾನಿಗೆ ಸಾಗಿತ್ತು. ಅತ್ತಿಗೆ ಮೊದಲು ಇಳಿದಳು. ಹಿಂದೆ ಒಬ್ಬೊಬ್ಬರಾಗಿ ಮುನ್ನೂರು ಜನ. ಎಲ್ಲರೂ ಸೆರಗು, ದುಪಟ್ಟಾ ಹಿಂದಕ್ಕೆ ಸರಿಸಿ ತೋಳು ಹೊರಗೆ ಹಾಕಿದ್ದರು.

ಒಂದು ತೋಳೂ ಕೆನೆಬಣ್ಣದಲ್ಲಿರಲಿಲ್ಲ. ಕಡು ಅರಿಶಿನ, ಕಿತ್ತಳೆ, ಅಲ್ಲಲ್ಲಿ ಅಚ್ಚ ಕೆಂಪು. ಹಸುಗೂಸಿನ ತಾಯಿಯೊಬ್ಬಳ ಪಟ್ಟಿ ಎಂಬತ್ತು ದಾಟಿದ ಕೆಂಪಿನಲ್ಲಿತ್ತು. ನಿಯಮದ ಪ್ರಕಾರ ಅವಳನ್ನು ಯಂತ್ರದ ಮುಂದೆ ಕೂರಿಸುವಂತೆಯೇ ಇರಲಿಲ್ಲ. ಅವಳು ಸುಮ್ಮನೆ ಸಾಲಿನಲ್ಲಿ ನಿಂತಿದ್ದಳು. ಮೈಕು ತಾನಾಗಿ ನಿಂತಿತು.

"ಇದೇನು ಅವತಾರ?" ಎಂದ ಸೂಪರ್‌ವೈಸರ್. "ಎಲ್ಲರೂ ಸೊನ್ನೆ ಒತ್ತಿ ಒಳಗೆ ನಡೀರಿ."

ಅತ್ತಿಗೆ ಯಂತ್ರದ ಕೆಳಗೆ ತೋಳು ಇಟ್ಟಳು. ಗುಂಡಿ ಒತ್ತಲಿಲ್ಲ. ಪರದೆಯ ಮೇಲೆ ಐವತ್ತೇಳು ಎಂದು ಮೂಡಿತು. ಆ ಯಂತ್ರ ಬೆಳಗಿನ ಹೊತ್ತಿನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕ ತೋರಿಸಿದ್ದು ಅದೇ ಮೊದಲು.

"ರೀ, ಒಸಿ ಇಳೀರಿ ಕೆಳಕ್ಕೆ" ಎಂದು ಅವಳು ವ್ಯಾನಿನ ಕಡೆ ತಿರುಗಿ ಕೂಗಿದಳು. ಲೋಕೇಶ ತಲೆ ಕೆರೆದುಕೊಳ್ಳುತ್ತ ಇಳಿದುಬಂದ. ಅವಳೇ ಎಣ್ಣೆ ಸವರಿ ಅವನ ಪಟ್ಟಿಯ ಪೊರೆ ಸುಲಿದಳು. ಹೊಸ ಬೆಣ್ಣೆಯ ಬಣ್ಣ. ಯಂತ್ರಕ್ಕೆ ಹಿಡಿದರೆ ಆರು.

"ಒಂದೇ ಮನೆ ಸಾರ್. ಒಂದೇ ವ್ಯಾನು" ಎಂದಳು ರೂಪಕಲಾ ದಿಲ್ಲಿಯ ಅಧಿಕಾರಿಗಳಿಗೆ. ಇಮ್ತಿಯಾಜ್ ಹಿಂದಿಯಲ್ಲಿ ಅದನ್ನು ಹೇಳಿದ. "ನಿಮ್ ಗುಂಡಿ ಒತ್ತಿದ್ರೆ ನಮ್ಮೆಜಮಾನ್ರೂ ಸೊನ್ನೆ, ನಾನೂ ಸೊನ್ನೆ. ಇದು ಯಾವ ಸೀಮೆ ತಕ್ಕಡಿ? ಮೊದ್ಲು ಇದನ್ನ ಬರ್ಕಳಿ. ಬರ್ಕಳಗಂಟ ನಾವು ಒತ್ತಲ್ಲ."

ಲೋಕೇಶ ತನ್ನ ತೋಳನ್ನೂ ಹೆಂಡತಿಯ ತೋಳನ್ನೂ ಒಮ್ಮೆ ನೋಡಿ ಮುಖ ಬೇರೆ ಕಡೆ ತಿರುಗಿಸಿದ. ಹಿಂದೆ ಸಾಲಿನಲ್ಲಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ಯಾರೋ ಮೂಗು ಸೇದಿದರು.

ಡಾ. ವಿಶ್ವಜಿತ್ ಪೆನ್ನು ಎತ್ತಿ ಸಿಂಚನಾಳ ಕೈಗೆ ಕೊಟ್ಟರು. "ಇದನ್ನೆಲ್ಲ ಆಮೇಲೆ ನೋಡೋಣ. ನೀವು ಸಹಿ ಮಾಡಿ" ಎಂದರು ಮೆಲ್ಲಗೆ. "ಮೂರು ವರ್ಷ ಹಾಳು ಮಾಡ್ಕೋಬೇಡಿ."

ಸಿಂಚನಾಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಅವಳು ಪ್ರಮಾಣಪತ್ರವನ್ನು ಮಗುಚಿ ಹಾಕಿದಳು. ಅದರ ಹಿಂದೆ ಲಗತ್ತಿಸಿದ್ದ ಖಾಲಿ ಹಾಳೆಯನ್ನು ಕಿತ್ತು ದೊಡ್ಡ ಅಕ್ಷರದಲ್ಲಿ ಬರೆದಳು: "ರೂಪಕಲಾ, ಹೊಲಿಗೆ ವಿಭಾಗ. ಸೋಮವಾರ ಗಾಯವಾದಾಗಿನ ನಿಜವಾದ ದಣಿವು ತೊಂಬತ್ತಮೂರು. ಶುಕ್ರವಾರ ಬೆಳಗ್ಗೆ ಎಂಟು ಇಪ್ಪತ್ತಕ್ಕೆ, ಕೆಲಸ ಶುರುವಾಗುವ ಮೊದಲು, ಐವತ್ತೇಳು. ಸೊನ್ನೆಯ ವಿಧಾನ ತಪ್ಪು. ಬರೆದವಳು ನಾನು, ತಪ್ಪೂ ನನ್ನದು." ಕೆಳಗೆ ಸಹಿ ಹಾಕಿದಳು. ಪೂರ್ತಿ ಹೆಸರು, ಡಾಕ್ಟರ್ ಎಂಬುದನ್ನೂ ಸೇರಿಸಿ.

ಹಾಳೆಯನ್ನು ನಿರ್ದೇಶಕರಿಗೆ ಕೊಡಲಿಲ್ಲ, ಅತ್ತಿಗೆಯ ಕೈಗೆ ಕೊಟ್ಟಳು. "ಮಧ್ಯಾಹ್ನ ವಿಚಾರಣೇಲಿ ಇದನ್ನ ಮುಂದಿಡು ಅತ್ಗೆ."

* * *

ಆ ಹಾಳೆಯ ಮುಂದೆ ವಿಚಾರಣೆ ಅರ್ಧ ಗಂಟೆಯೂ ನಡೆಯಲಿಲ್ಲ. ಅತ್ತಿಗೆಯ ಕೆಲಸ ಉಳಿಯಿತು. ಸಹಿಯಿಲ್ಲದ ಪ್ರಮಾಣಪತ್ರ ದಿಲ್ಲಿಗೆ ಹೋಗಿ, ಮರುಪರಿಶೀಲನೆ ಎಂಬ ಹಣೆಪಟ್ಟಿ ಹೊತ್ತು ಅಲ್ಲೇ ಕೂತಿತು. ಅದು ಯಾವಾಗ ಏಳುತ್ತದೋ ದೇವರೇ ಬಲ್ಲ. ಗೇಟಿನಲ್ಲಿ ಫಲಕ ಹಾಗೇ ಇದೆ, ಗುಂಡಿಯೂ ಇದೆ. ಒತ್ತುವವರಿಲ್ಲ.

ಸಿಂಚನಾಳ ಅವಧಿ ತಿಂಗಳ ಕೊನೆಗೆ ಮುಗಿಯಿತು. ನಿರ್ದೇಶಕರಿಗೆ ತೃಪ್ತಿಯಾಗಿರಲಿಲ್ಲ. ಅದರ ಮುಂದಿನ ವಾರವೇ ಪತ್ರಿಕೆಯಲ್ಲಿ ಮತ್ತೆ ಜಾಹೀರಾತು ಬಂತು: ಅಳತೆ ವಿಜ್ಞಾನ ಮತ್ತು ಸುಧಾರಿತ ವಸ್ತುಗಳ ಕ್ಷೇತ್ರದಲ್ಲಿ ಅಪೂರ್ವ ಅವಕಾಶ. ಅವಳು ಅದನ್ನು ಓದಿ, ಮಡಚಿ, ಹಾಲಿನ ಕ್ಯಾನಿನ ಬಾಯಿಗೆ ಬಿರಡೆ ಮಾಡಿ ತುರುಕಿದಳು. ಈಗ ಡೇರಿಗೆ ಕ್ಯಾನು ಹೊರುವವಳು ಅವಳೇ. ಡಬ್ಬಿಗಳನ್ನು ತುಂಬುವವಳೂ ಅವಳೇ. ಮೊದಲ ದಿನ ಮುದ್ದೆ ಗಂಟಾಗಿತ್ತು, ಮಕ್ಕಳು ಮೂತಿ ತಿರುಗಿಸಿದ್ದವು. ಬೇರೆ ಊರಿನ ಸಂಸ್ಥೆಗಳಿಗೆ ಅರ್ಜಿ ಹಾಕುತ್ತಲೇ ಇದ್ದಾಳೆ, ಈಗ ಡೇರಿಯಿಂದ ಬಂದಮೇಲೆ.

ಒಂದು ಬೆಳಗ್ಗೆ ಅತ್ತಿಗೆ ಗೇಟಿನಿಂದಲೇ ಫೋನು ಮಾಡಿದಳು. ಹಿಂದೆ ವ್ಯಾನಿನ ಸದ್ದು, ಹೆಂಗಸರ ಮಾತು ಕೇಳುತ್ತಿತ್ತು.

"ಸಿಂಚು, ಇವತ್ತು ನಲವತ್ತೊಂಬತ್ತು ಬಂತು ಕಣೆ. ಎಂಟು ಕಮ್ಮಿ ಆಯ್ತು."

"ಆ ಎಂಟು ನಂದು ಅತ್ಗೆ" ಎಂದಳು ಸಿಂಚನಾ. "ಇಷ್ಟು ದಿನ ನಿನ್ ಮೇಲಿತ್ತು."

"ಗೊತ್ತು ಬುಡು." ಅತ್ತಿಗೆ ಫೋನನ್ನು ಬಾಯಿಂದ ಸ್ವಲ್ಪ ದೂರ ಹಿಡಿದು, ವ್ಯಾನಿನವರೆಗೂ ಕೇಳುವ ಹಾಗೆ ದನಿ ಏರಿಸಿದಳು. "ಮಿಕ್ಕಿದ್ದು ಯಾರ್ದು ಅಂತ ನಿಮ್ಮಣ್ಣನ್ನ ಕೇಳ್ತೀಯಾ, ಇಲ್ಲ ನಾನೇ ಕೇಳ್ಲಾ?"